ಆ ಹೆಂಗಸನ್ನು ಕೇಳಿದವರು ಯಾರು? ದಕ್ಷಿಣ ಕನ್ನಡ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಹಾಗೂ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗಳಲ್ಲಿ ಇರುವ ಎಲ್ಲರಿಗೂ,

ನಮಸ್ಕಾರ.

ನಾನು ವರ್ಷಗಟ್ಟಲೆ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಈಗ ನಿವೃತ್ತಿಯಾಗಿ ಮಂಗಳೂರಿನಲ್ಲೇ ಇದ್ದೇನೆ. ಭ್ರೂಣದ ಸ್ಟೆಮ್ ಸೆಲ್‌ಗಳನ್ನು, ಅಂದರೆ ದೇಹದ ಬೇರೆ ಬೇರೆ ಸೆಲ್ ಆಗಿ ಬೆಳೆಯಬಲ್ಲ ಎಳೆ ಜೀವಕೋಶಗಳನ್ನು, ಚಿಕಿತ್ಸೆ ಅಂತ ಹೇಳಿ ಮಾರುವವರ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕಿದೆ. ಕಚೇರಿಗೆ ಬಂದು ಅರ್ಜಿ ಕೊಡಬಹುದಿತ್ತು. ಆದರೆ ಈ ವಿಷಯ ರೋಗಿಗಳ ಮನೆಯವರಿಗೂ ತಿಳಿಯಬೇಕು. ಹಾಗಾಗಿ ಎಲ್ಲರ ಎದುರೇ ಬರೆಯುತ್ತಿದ್ದೇನೆ.

ನನ್ನ ಭಾವನಿಗೆ ಪಾರ್ಕಿನ್ಸನ್ ಕಾಯಿಲೆ. ಮೊದಲು ಬಲಗೈ ನಡುಗುತ್ತಿತ್ತು. ಈಗ ನಡೆಯುತ್ತಾ ನಡೆಯುತ್ತಾ ಕಾಲು ಅಲ್ಲೇ ನಿಂತುಬಿಡುತ್ತದೆ. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ ಅಂಗಿಯ ಬಟನ್ ಹಾಕಲೂ ಅಕ್ಕನೇ ಬೇಕು. ಇಂಥ ಮನೆಗೆ ಒಬ್ಬ ಹುಡುಗ ಬಂದ. ಬೇರೆ ಊರಿನ ಕ್ಲಿನಿಕ್ ಒಂದರ ಕಡೆಯವನು. ಇಲ್ಲಿ ಹಾಲ್ ಬಾಡಿಗೆಗೆ ಹಿಡಿದು ಕ್ಯಾಂಪ್ ಮಾಡುತ್ತಾರಂತೆ, ಇಂಜೆಕ್ಷನ್ ಮಾತ್ರ ಅಲ್ಲಿಗೇ ಹೋಗಿ ತಗೊಳ್ಳಬೇಕಂತೆ. "ಭ್ರೂಣದ ಸ್ಟೆಮ್ ಸೆಲ್ ಅಕ್ಕಾ, ಎಳೆ ಸೆಲ್. ಮೆದುಳಿನಲ್ಲಿ ಹಾಳಾದ ಜಾಗಕ್ಕೆ ಅದೇ ಹೋಗಿ ಕೂತ್ಕೊಳ್ತದೆ" ಅಂದ. ನಾಲ್ಕು ಲಕ್ಷ ರೂಪಾಯಿ. ಬೇಗ ಅಡ್ವಾನ್ಸ್ ಕೊಟ್ಟರೆ ಸ್ವಲ್ಪ ಕಡಿಮೆ.

"ಈ ಸೆಲ್ ಎಲ್ಲಿಂದ ಬರ್ತದೆ?" ಅಂತ ಕೇಳಿದೆ.

"ಲ್ಯಾಬಿನಿಂದ."

"ಲ್ಯಾಬಿಗೆ ಎಲ್ಲಿಂದ?"

"ಅದೆಲ್ಲ ಕಂಪೆನಿಯವರು ನೋಡಿಕೊಳ್ತಾರೆ ಅಕ್ಕಾ."

ಕಾಯಿಲೆಯವರು ಕಣ್ಣೆದುರು ನರಳುತ್ತಿರುವಾಗ ಮನೆಯವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ನನಗೆ ಹೊಳೆದದ್ದು ಯಾಕೆಂದರೆ, ಆ ಸೆಲ್ ಹೊರಡುವ ಜಾಗದಲ್ಲೇ ನಾನು ಇಷ್ಟು ವರ್ಷ ನಿಂತಿದ್ದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಸ್ಟೆಮ್ ಸೆಲ್ ಅಂದ ತಕ್ಷಣ ಎಲ್ಲವೂ ಒಂದೇ ಅಲ್ಲ. ರಕ್ತದ ಕ್ಯಾನ್ಸರ್‌ಗೆ, ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆಗೆ ಮಾಡುವ ಅಸ್ಥಿಮಜ್ಜೆಯ ಕಸಿಯೂ ಸ್ಟೆಮ್ ಸೆಲ್ ಚಿಕಿತ್ಸೆಯೇ. ಅದು ದಶಕಗಳಿಂದ ಸಾಬೀತಾದದ್ದು. ಅದನ್ನು ಬೆಳೆಸಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯಿಂದ ತೆಗೆಯುವ ರಕ್ತ ಬೇರೆ. ಐದಾರು ದಿನದ, ಗರ್ಭಕೋಶಕ್ಕೆ ಅಂಟುವ ಮೊದಲಿನ ಭ್ರೂಣದಿಂದ ಬೆಳೆಸುವ ಸೆಲ್ ಬೇರೆ. ನಾನು ಹೇಳುತ್ತಿರುವುದು ಗರ್ಭಪಾತವಾದ ಭ್ರೂಣದ ಅಂಗಾಂಶದಿಂದ ತೆಗೆಯುವ ಸೆಲ್‌ಗಳ ಬಗ್ಗೆ. ಮಾರುವವರಿಗೆ ಇದೆಲ್ಲ ಕಲಸಿ ಹೇಳುವುದೇ ಲಾಭ. ಒಂದರ ಒಳ್ಳೆ ಹೆಸರಿನಲ್ಲಿ ಇನ್ನೊಂದು ಹೋಗುತ್ತದೆ.

ಭ್ರೂಣದ ಸೆಲ್‌ಗಳನ್ನು ಪಾರ್ಕಿನ್ಸನ್‌ಗೆ ಯಾರೂ ಪ್ರಯತ್ನಿಸಿಯೇ ಇಲ್ಲ ಅಂತಲ್ಲ. ಸ್ವೀಡನ್ನಿನ ಲುಂಡ್ ನಗರದಲ್ಲಿ 1987ರಲ್ಲೇ ಶುರುವಾಯಿತು. ಆರರಿಂದ ಒಂಬತ್ತು ವಾರದ ಭ್ರೂಣದ ಮೆದುಳಿನ ಒಂದು ಸಣ್ಣ ಭಾಗವನ್ನು ತೆಗೆದು, ತಲೆಬುರುಡೆಗೆ ರಂಧ್ರ ಕೊರೆದು, ರೋಗಿಯ ಮೆದುಳಿನ ಒಳಗೇ ಇಡುತ್ತಿದ್ದರು. ಬೆನ್ನಿಗೆ ಚುಚ್ಚುವ ಸೂಜಿಯಲ್ಲ ಅದು. ಕೆಲವರಿಗೆ ನಿಜಕ್ಕೂ ಗುಣ ಕಂಡಿತು. ಆಮೇಲೆ ಅಮೆರಿಕದಲ್ಲಿ ಸರಿಯಾಗಿ ಪರೀಕ್ಷೆ ಮಾಡಿದರು. 40 ರೋಗಿಗಳಲ್ಲಿ ಅರ್ಧ ಜನರಿಗೆ ಸೆಲ್ ಇಟ್ಟರು, ಉಳಿದರ್ಧ ಜನರಿಗೆ ರಂಧ್ರ ಕೊರೆದರು ಅಷ್ಟೆ, ಸೆಲ್ ಇಡಲಿಲ್ಲ. ಯಾರಿಗೆ ಏನಾಗಿದೆ ಅಂತ ರೋಗಿಗೂ ಗೊತ್ತಿಲ್ಲ. 2001ರಲ್ಲಿ ಫಲಿತಾಂಶ ಬಂತು. 60 ವರ್ಷ ದಾಟದವರಲ್ಲಿ ಸ್ವಲ್ಪ ಚೇತರಿಕೆ, ಅದಕ್ಕಿಂತ ಹಿರಿಯರಲ್ಲಿ ಏನೂ ಇಲ್ಲ. ಮುಂದೆ, ಮೊದಲು ಬರೀ ರಂಧ್ರ ಕೊರೆಸಿಕೊಂಡಿದ್ದ ಕೆಲವರಿಗೂ ಸೆಲ್ ಇಟ್ಟರು. ಹೀಗೆ ಸೆಲ್ ಪಡೆದ ಒಟ್ಟು 33 ಜನರಲ್ಲಿ 5 ಜನರಿಗೆ ಕೈಕಾಲು ತಾನಾಗಿ ಎಗರಾಡುವ ತೊಂದರೆ ಹತ್ತಿಕೊಂಡಿತು. 2003ರ ಇನ್ನೊಂದು ಪರೀಕ್ಷೆಯಲ್ಲಿ ಈ ತೊಂದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಬಂತು.

ಆ ಮೊದಲ ಪರೀಕ್ಷೆಯಿಂದ ತಿಳಿದ ಇನ್ನೊಂದು ಸಂಗತಿ ಉಂಟು. ತಮಗೆ ಸೆಲ್ ಇಟ್ಟಿದ್ದಾರೆ ಅಂತ ನಂಬಿದವರು, ನಿಜಕ್ಕೂ ಇಡದೇ ಇದ್ದರೂ, ತಮ್ಮ ಬದುಕು ಸುಧಾರಿಸಿದೆ ಅಂತ ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಹಾಗೇ ಅನ್ನಿಸಿತ್ತು. ಆ ಹುಡುಗ ತೋರಿಸಿದ ವಿಡಿಯೋಗಳಲ್ಲಿ "ಈಗ ನಾನೇ ನಡೀತೇನೆ" ಅನ್ನುವ ಹಿರಿಯರನ್ನು ನೋಡುವಾಗ ನನಗೆ ಇದು ನೆನಪಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮಾತನ್ನು ಜಾಹೀರಾತು ಮಾಡಿದವರ ಮೇಲೆ ಉಂಟು.

ಅಪಾಯ ಬರೀ ದುಡ್ಡಿನದ್ದಲ್ಲ. ಇಸ್ರೇಲಿನ ಒಬ್ಬ ಹುಡುಗನಿಗೆ ನರಗಳು ಸವೆಯುವ ಒಂದು ವಂಶವಾಹಿ ಕಾಯಿಲೆ ಇತ್ತು. ಮನೆಯವರು 2001ರಿಂದ ಅವನನ್ನು ಮಾಸ್ಕೋಗೆ ಕರೆದುಕೊಂಡು ಹೋಗಿ ಭ್ರೂಣದ ನರಸೆಲ್‌ಗಳನ್ನು ಹಾಕಿಸಿದರು. ನಾಲ್ಕು ವರ್ಷದ ಮೇಲೆ ಅವನಿಗೆ ತಲೆನೋವು ಶುರುವಾಯಿತು. ನೋಡಿದರೆ ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ ಗಡ್ಡೆ. ಪರೀಕ್ಷೆ ಮಾಡಿದಾಗ ಆ ಗಡ್ಡೆಯ ಸೆಲ್‌ಗಳು ಹುಡುಗನದ್ದಲ್ಲ, ಕಡಿಮೆಯೆಂದರೆ ಎರಡು ಬೇರೆ ಬೇರೆ ಭ್ರೂಣಗಳದ್ದು ಅಂತ ಗೊತ್ತಾಯಿತು. 2009ರಲ್ಲಿ ಇದು ಪ್ರಕಟವಾದದ್ದು. ಎಳೆ ಸೆಲ್ ಚೆನ್ನಾಗಿ ಬೆಳೆಯುತ್ತದೆ ಅನ್ನುವುದು ನಿಜ. ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಿರುವುದಿಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಆ ಮೊದಲ ಪರೀಕ್ಷೆಯಲ್ಲಿ ಒಬ್ಬ ರೋಗಿಗೆ ನಾಲ್ಕು ಭ್ರೂಣಗಳ ಅಂಗಾಂಶ ಬೇಕಾಯಿತು. ಎರಡನೆಯದರಲ್ಲಿ ಕೆಲವರಿಗೆ ಮೆದುಳಿನ ಒಂದೊಂದು ಬದಿಗೂ ನಾಲ್ಕು. ಇತ್ತೀಚೆಗೆ ಯುರೋಪಿನ ದೊಡ್ಡ ಕೇಂದ್ರಗಳು ಸೇರಿ ಟ್ರಾನ್ಸ್‌ಯೂರೋ ಅನ್ನುವ ಹೆಸರಲ್ಲಿ ಮತ್ತೆ ಪ್ರಯತ್ನ ಮಾಡಿದವು. ಅಲ್ಲಿ ಒಪ್ಪಿಗೆ ಪಡೆಯುವ ವ್ಯವಸ್ಥೆ ಇತ್ತು, ಲ್ಯಾಬ್ ಇತ್ತು, ದುಡ್ಡೂ ಇತ್ತು. ಆದರೂ ಸಾಕಷ್ಟು ಅಂಗಾಂಶ ಸಿಗದೆ ಆಪರೇಶನ್ ಮೇಲೆ ಆಪರೇಶನ್ ಮುಂದೆ ಹಾಕಬೇಕಾಯಿತು. ಈಗ ಒಂಬತ್ತು ವಾರದ ಒಳಗಿನ ಗರ್ಭಪಾತ ಹೆಚ್ಚಾಗಿ ಮಾತ್ರೆಯಲ್ಲೇ ಆಗುತ್ತದೆ. ಲ್ಯಾಬಿಗೆ ಬೇಕಾದ ಸ್ಥಿತಿಯಲ್ಲಿ ಏನೂ ಸಿಗುವುದಿಲ್ಲ.

ಹಾಗಾದರೆ ನಮ್ಮೂರಿನ ಮನೆಮನೆಗೆ ಬಂದು, ಫೋನ್ ಮಾಡಿದ ಮರುವಾರವೇ ಇಂಜೆಕ್ಷನ್ ರೆಡಿ ಅನ್ನುವವರ ಹತ್ತಿರ ಇದು ಎಲ್ಲಿಂದ ಬರುತ್ತದೆ? ನನಗೆ ಎರಡೇ ಉತ್ತರ ಕಾಣುತ್ತದೆ. ಒಂದೋ ಆ ಸಿರಿಂಜಿನಲ್ಲಿ ಇರುವುದು ಭ್ರೂಣದ ಸೆಲ್ಲೇ ಅಲ್ಲ, ರೋಗಿಗೆ ಮೋಸ. ಅಥವಾ ಅದು ಭ್ರೂಣದ್ದೇ, ಆದರೆ ಯಾವುದೋ ಹೆಂಗಸನ್ನು ಕೇಳದೆ ತೆಗೆದದ್ದು. ಎರಡನೆಯದು ನನಗೆ ಜಾಸ್ತಿ ಸಂಕಟ ಕೊಡುತ್ತದೆ. ಯಾಕೆಂದರೆ ಕೇಳದೆ ತೆಗೆಯುವುದು ಎಷ್ಟು ಸುಲಭ ಅಂತ ನನಗೆ ಗೊತ್ತು.

ವಾರ್ಡಿನಲ್ಲಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಗರ್ಭ ತೆಗೆಸಲು ಬಂದವಳು ಟ್ರಾಲಿಯ ಮೇಲೆ ಮಲಗಿರುತ್ತಾಳೆ. ಕೈಗೆ ಡ್ರಿಪ್ ಹಾಕಿ ಆಗಿದೆ. ಕೆಲವರು ಬೇಡವೆಂದೇ ಬಂದವರು, ಕೆಲವರಿಗೆ ಮಗು ಬೇಕಿತ್ತು, ಸ್ಕ್ಯಾನಿಂಗಿನಲ್ಲಿ ತೊಂದರೆ ಕಂಡಿದೆ. ಜೊತೆಗೆ ಅತ್ತೆಯೋ ತಂಗಿಯೋ. ಮಾತಾಡುವುದು ತುಳುವಿನಲ್ಲೋ ಬ್ಯಾರಿ ಭಾಷೆಯಲ್ಲೋ ಕೊಂಕಣಿಯಲ್ಲೋ. ಕೈಗೆ ಬರುವ ಕಾಗದಗಳು ಹೆಚ್ಚಿನವು ಇಂಗ್ಲಿಷಿನಲ್ಲಿ. ಗರ್ಭಪಾತಕ್ಕೆ ಕಾನೂನಿನ ಪ್ರಕಾರ ಬೇಕಾದ ಒಪ್ಪಿಗೆ ಫಾರ್ಮ್ ಸಿ. ಅದರ ಅಡಿಯಲ್ಲಿ ಅನಸ್ತೇಶಿಯಾದ್ದು. ಅದರ ಅಡಿಯಲ್ಲಿ ಆಸ್ಪತ್ರೆಯದ್ದು ಇನ್ನೊಂದು. "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಅಂತ ಪೆನ್ ಹಿಡಿದ ಬೆರಳು ತೋರಿಸಿದ ಕಡೆಯೆಲ್ಲ ಅವಳು ಸಹಿ ಹಾಕುತ್ತಾ ಹೋಗುತ್ತಾಳೆ. ಆ ಕಟ್ಟಿನ ನಡುವೆ ನಾಲ್ಕನೇ ಕಾಗದ ಒಂದು ಸೇರಿದರೆ ಅವಳಿಗೆ ಗೊತ್ತಾಗುತ್ತದಾ? ಆಗುವುದಿಲ್ಲ. ಯಾವ ಕಾಗದವೂ ಇಲ್ಲದೆ ತೆಗೆದರಂತೂ ಕೇಳುವವರೇ ಇಲ್ಲ.

ಒಳಗೆ ಕೆಲಸ ಮುಗಿದ ಮೇಲೆ ಅಂಗಾಂಶ ಹಳದಿ ಚೀಲಕ್ಕೆ ಹೋಗಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹಾಗೆ ಹೇಳುತ್ತದೆ. ಚೀಲಕ್ಕೆ ಬಾರ್‌ಕೋಡ್, 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ, ಸುಡಲಿಕ್ಕೆ ಕಳಿಸಬೇಕು. ಕೆಲವು ಹೆಂಗಸರು ಎಚ್ಚರ ಆದ ಮೇಲೆ ಮೆಲ್ಲ ಕೇಳುತ್ತಿದ್ದರು: "ಸಿಸ್ಟರ್, ಅದನ್ನು ಎಂಥ ಮಾಡಿದ್ರಿ?" ಒಬ್ಬರು ಹಿತ್ತಲಲ್ಲಿ ತೆಂಗಿನ ಬುಡಕ್ಕೆ ಮಣ್ಣು ಮಾಡಬೇಕು, ಕೊಡ್ತೀರಾ ಅಂತ ಕೇಳಿದ್ದರು. ಬೇಡವೆಂದು ತೆಗೆಸಿಕೊಂಡವರೂ ಕೇಳುತ್ತಿದ್ದರು. ಬೇಡದ ಗರ್ಭವಾದರೆ ಅದರ ಮೇಲೆ ಅವಳಿಗೆ ಹಕ್ಕಾಗಲೀ ಭಾವನೆಯಾಗಲೀ ಇಲ್ಲ ಅಂತ ಯಾರಾದರೂ ತಿಳಿದಿದ್ದರೆ, ಅವರು ಆ ವಾರ್ಡಿನಲ್ಲಿ ಒಂದು ರಾತ್ರಿ ಡ್ಯೂಟಿ ಮಾಡಬೇಕು.

ಈ ಪ್ರಶ್ನೆ ಹೊಸದೂ ಅಲ್ಲ. 1962ರಲ್ಲಿ ಸ್ವೀಡನ್ನಿನ ಒಬ್ಬ ಹೆಂಗಸಿನ ಗರ್ಭಪಾತವಾದ ಭ್ರೂಣದ ಶ್ವಾಸಕೋಶ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಯಿತು. ಅಲ್ಲಿನ ವಿಸ್ಟಾರ್ ಸಂಸ್ಥೆಯಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಅದರಿಂದ ಡಬ್ಲ್ಯುಐ-38 ಅನ್ನುವ ಸೆಲ್ ಸಾಲನ್ನು, ಅಂದರೆ ಲ್ಯಾಬಿನಲ್ಲಿ ಒಂದರಿಂದ ಇನ್ನೊಂದಾಗಿ ಬೆಳೆಯುತ್ತಾ ಹೋಗುವ ಸೆಲ್‌ಗಳನ್ನು, ಬೆಳೆಸಿದರು. ರುಬೆಲ್ಲಾ ಲಸಿಕೆ ತಯಾರಾದದ್ದು ಅದರಲ್ಲಿ. ರುಬೆಲ್ಲಾ ತಗಲಿದ ಬಸುರಿಯರಿಗೆ ಹುಟ್ಟಿದ ಕೂಸುಗಳನ್ನು ನಾನು ಎತ್ತಿಕೊಂಡಿದ್ದೇನೆ. ಕಣ್ಣಿನಲ್ಲಿ ಪೊರೆ, ಹೃದಯದಲ್ಲಿ ತೂತು. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗ, ಹೆದರಿದ ತಾಯಂದಿರಿಗೆ ಹಾಕಿಸಿ ಅಂತ ಹೇಳಿದವಳು ನಾನು. ಇವತ್ತೂ ಹೇಳುತ್ತೇನೆ. ಒಮ್ಮೆ ಬೆಳೆಸಿದ ಸೆಲ್ ಸಾಲಿನಿಂದಲೇ ಲಸಿಕೆ ಬರುತ್ತದೆ, ಅದಕ್ಕಾಗಿ ಮತ್ತೆ ಮತ್ತೆ ಭ್ರೂಣ ಬೇಕಾಗುವುದಿಲ್ಲ. ಆದರೆ ಆ ಸ್ವೀಡನ್ನಿನ ಹೆಂಗಸನ್ನು ಯಾರೂ ಕೇಳಿರಲಿಲ್ಲ. ತನ್ನ ದೇಹದಿಂದ ಹೋದದ್ದು ಪ್ರಪಂಚಕ್ಕೆಲ್ಲ ಲಸಿಕೆಯಾಯಿತು ಅಂತ ಅವಳಿಗೆ ತಿಳಿದದ್ದೇ ಆಮೇಲೆ. ಒಳ್ಳೆಯದಾಯಿತು ಅನ್ನುವುದೂ ನಿಜ, ಕೇಳದೇ ಮಾಡಿದ್ದು ತಪ್ಪು ಅನ್ನುವುದೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ನನ್ನ ಜೊತೆ ದುಡಿದ ಕ್ರೈಸ್ತ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಭ್ರೂಣದ ಅಂಗಾಂಶವನ್ನು ಯಾವ ಕಾರಣಕ್ಕೂ ಬಳಸುವುದು ಒಪ್ಪಿಗೆಯಿಲ್ಲ. ಮುಸ್ಲಿಂ ಸಹೋದ್ಯೋಗಿಗಳು 120 ದಿನಕ್ಕೆ ಭ್ರೂಣಕ್ಕೆ ಆತ್ಮ ಬರುತ್ತದೆ ಅನ್ನುವ ಲೆಕ್ಕ ಹೇಳುತ್ತಿದ್ದರು. ನಮ್ಮ ಮನೆಗಳಲ್ಲೂ ಒಂದೇ ಅಭಿಪ್ರಾಯ ಇಲ್ಲ. ಆ ಜಗಳ ಮುಗಿಯುವುದೂ ಬೇಡ, ಅವರವರ ನಂಬಿಕೆ ಅವರವರಿಗೆ ಇರಲಿ. ನನ್ನ ಮಟ್ಟಿಗೆ, ಗರ್ಭಪಾತದ ಹಕ್ಕು ಹೆಂಗಸಿನದ್ದು. ಆಮೇಲೆ ಅಂಗಾಂಶವನ್ನು ಸಂಶೋಧನೆಗೆ ಕೊಡಬೇಕಾ ಬೇಡವಾ ಅನ್ನುವುದೂ ಅವಳದ್ದೇ. ತಿಳಿದು ಕೊಟ್ಟರೆ ಅದು ದೊಡ್ಡ ದಾನ, ನಾನು ಕೈ ಮುಗಿಯುತ್ತೇನೆ. ಭ್ರೂಣದ ಸಂಶೋಧನೆ ನಿಲ್ಲಿಸಿ ಅಂತ ಈ ಪತ್ರ ಬರೆಯುತ್ತಿಲ್ಲ. ಮಾರಾಟ ನಿಲ್ಲಿಸಿ ಅಂತ ಬರೆಯುತ್ತಿದ್ದೇನೆ.

ನಿಯಮಗಳು ಇಲ್ಲವೇ ಅಂದರೆ, ಚೆನ್ನಾಗಿಯೇ ಉಂಟು. ಗರ್ಭಪಾತದ ಒಪ್ಪಿಗೆ ಬೇರೆ, ಅಂಗಾಂಶ ಕೊಡುವ ಒಪ್ಪಿಗೆ ಬೇರೆ ತಗೊಳ್ಳಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ ಹೇಳುತ್ತದೆ. ಅವಳನ್ನು ನೋಡಿಕೊಳ್ಳುವ ಡಾಕ್ಟರೂ ಅಂಗಾಂಶ ಬಳಸುವವರೂ ಒಬ್ಬರೇ ಆಗಿರಬಾರದು. ದುಡ್ಡಿನ ಆಸೆಗೆ, ಇಲ್ಲವೇ ಮನೆಯವರ ಯಾರದೋ ಚಿಕಿತ್ಸೆಗೆ ಅಂತ ಗರ್ಭ ತೆಗೆಸುವ ಹಾಗಿಲ್ಲ. ಇಂಥವರಿಗೇ ಕೊಡಿ ಅಂತ ಅವಳು ಹೇಳುವ ಹಾಗೂ ಇಲ್ಲ. ಈ ಕೊನೆಯದು ಎಷ್ಟು ಮುಖ್ಯ ಅಂತ ಯೋಚಿಸಿ. ಅದಿಲ್ಲದಿದ್ದರೆ ಮಾವನ ಕಾಯಿಲೆಗೆ ಸೊಸೆಯ ಮೇಲೆ ಒತ್ತಡ ಬರಲು ಎಷ್ಟು ಹೊತ್ತು?

ರೋಗಿಯ ಕಡೆಯಿಂದಲೂ ನಿಯಮ ಸ್ಪಷ್ಟ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಪ್ರಯೋಗಗಳೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲೇ, ಅಂದರೆ ಹೊಸ ಚಿಕಿತ್ಸೆಯನ್ನು ನಿಯಮದ ಪ್ರಕಾರ ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನದಲ್ಲೇ, ನಡೆಯಬೇಕು. ಸ್ಟೆಮ್ ಸೆಲ್‌ನಿಂದ ತಯಾರಿಸಿದ ಉತ್ಪನ್ನ ಹೊಸ ಔಷಧಿ ಅಂತ 2019ರ ಕೇಂದ್ರ ನಿಯಮಗಳಲ್ಲಿ ಬರೆದಿದೆ. ಟ್ರಯಲ್ ಆದರೆ ಸಿಟಿಆರ್‌ಐ ಅನ್ನುವ ರಾಷ್ಟ್ರೀಯ ನೋಂದಣಿಯಲ್ಲಿ ಅದರ ಸಂಖ್ಯೆ ಇರಬೇಕು, ಯಾರು ಬೇಕಾದರೂ ಖರ್ಚಿಲ್ಲದೆ ನೋಡಬಹುದು. ಟ್ರಯಲ್‌ಗೆ ಸೇರುವವರಿಂದ ಆ ಪ್ರಯೋಗಕ್ಕೆ ದುಡ್ಡು ತಗೊಳ್ಳಬಾರದು, ತೊಂದರೆಯಾದರೆ ಪರಿಹಾರ ಕೊಡಬೇಕು. ಹಾಗಾಗಿ ರೋಗಿಗಳ ಮನೆಯವರಿಗೆ ನನ್ನ ಮಾತು ಇಷ್ಟೇ: ನಾಲ್ಕು ಲಕ್ಷ ಕೇಳಿದರೆ ಅದು ಟ್ರಯಲ್ ಅಲ್ಲ. ಟ್ರಯಲ್ ಅಲ್ಲದ ಮೇಲೆ ಅದನ್ನು ಕೊಡುವ ಹಾಗೇ ಇಲ್ಲ. ಸಂಖ್ಯೆ ಕೇಳಿ. ಕೊಡದಿದ್ದರೆ ಬಾಗಿಲು ಮುಚ್ಚಿ.

ಭಾವನಿಗೆ ಇದೆಲ್ಲ ಹೇಳಿದಾಗ ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಹಾಗಾದರೆ ನನಗೆ ಏನೂ ಇಲ್ವಾ?" ಅಂದರು. ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವ ಜವಾಬ್ದಾರಿ ನಮ್ಮ ಡಾಕ್ಟರುಗಳ ಮೇಲೂ ಉಂಟು. ಹೊರಗೆ ಕೆಲಸ ನಡೆಯುತ್ತಿದೆ. ದೊಡ್ಡವರ ಚರ್ಮ, ರಕ್ತದ ಸೆಲ್‌ಗಳನ್ನೇ ಎಳೆಯ ಸ್ಥಿತಿಗೆ ತಿರುಗಿಸಬಹುದು ಅಂತ ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಸೆಲ್‌ಗಳಲ್ಲಿ, ಮರುವರ್ಷ ಮನುಷ್ಯರ ಸೆಲ್‌ಗಳಲ್ಲಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಆ ದಾರಿಯಲ್ಲಿ ಕ್ಯೋಟೋದಲ್ಲಿ ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ಸಣ್ಣ ಟ್ರಯಲ್‌ನ ಫಲಿತಾಂಶ 2025ರಲ್ಲಿ ಬಂದಿದೆ. ದೊಡ್ಡ ಅಪಾಯ ಕಂಡಿಲ್ಲ, ಆಸೆ ಇಟ್ಟುಕೊಳ್ಳಬಹುದು. ಆ ದಾರಿಗೆ ಯಾವ ಭ್ರೂಣವೂ ಬೇಡ. ಆದರೆ ಅದು ಇವತ್ತು ಮಂಗಳೂರಿನ ಯಾವ ಕ್ಲಿನಿಕ್‌ನಲ್ಲೂ ದುಡ್ಡು ಕೊಟ್ಟು ತಗೊಳ್ಳುವ ವಸ್ತುವಲ್ಲ. ಇಷ್ಟನ್ನು ಹತ್ತು ನಿಮಿಷ ಕೂತು ಹೇಳುವ ಡಾಕ್ಟರ್ ಸಿಕ್ಕಿದರೆ ಅರ್ಧ ಜನ ಏಜೆಂಟರ ಕೈಗೆ ಬೀಳುವುದಿಲ್ಲ.

ನನಗೆ ಇನ್ನೂ ಹೆದರಿಕೆ ಇರುವುದು ಮಕ್ಕಳ ತಂದೆತಾಯಿಯರ ಬಗ್ಗೆ. ನಮ್ಮ ಜಿಲ್ಲೆಯ ಕೊಕ್ಕಡದ ಕಡೆ, ಹಿಂದೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ ಇಪ್ಪತ್ತು ವರ್ಷದ ಮಗನನ್ನು ಇವತ್ತೂ ಎತ್ತಿಕೊಂಡು ಸ್ನಾನ ಮಾಡಿಸುವ ಅಮ್ಮಂದಿರಿದ್ದಾರೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಸ್ನಾಯು ಸವೆಯುವ ಕಾಯಿಲೆ ಇರುವ ಮಕ್ಕಳ ಮನೆಗಳು ತಲಪಾಡಿಯಿಂದ ಶಿರೂರಿನವರೆಗೆ ಎಲ್ಲ ಊರಲ್ಲೂ ಉಂಟು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಬೇಡ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ಆ ಮಾತು ಕೊಕ್ಕಡಕ್ಕೆ ಮುಟ್ಟಿದೆಯಾ? ಏಜೆಂಟನ ಫೋನ್ ಮೊದಲು ಮುಟ್ಟುತ್ತದೆ. ಅಡಿಕೆ ತೋಟ ಅಡವಿಟ್ಟಾದರೂ ಆ ಅಮ್ಮ ದುಡ್ಡು ಹೊಂದಿಸುತ್ತಾಳೆ.

ಮಾನ್ಯ ಜಿಲ್ಲಾಧಿಕಾರಿಗಳೇ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಅಡಿಯಲ್ಲಿ ಜಿಲ್ಲೆಯ ನೋಂದಣಿ ಮತ್ತು ದೂರು ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸದಸ್ಯ ಕಾರ್ಯದರ್ಶಿ. ಸ್ಟೆಮ್ ಸೆಲ್ ಅಂತ ಬೋರ್ಡ್, ಪಾಂಪ್ಲೆಟ್, ವಾಟ್ಸಪ್ ಮೆಸೇಜ್ ಹಾಕುವ ಎಲ್ಲರಿಗೂ ನೋಟಿಸ್ ಕೊಡಿ. ಟ್ರಯಲ್ ಸಂಖ್ಯೆ, ಎಥಿಕ್ಸ್ ಕಮಿಟಿಯ ಅನುಮತಿ, ಸೆಲ್ ಎಲ್ಲಿಂದ ಬಂತು ಅನ್ನುವ ದಾಖಲೆ ತರಿಸಿಕೊಳ್ಳಿ. ಹೊರಗಿನ ಕ್ಲಿನಿಕ್‌ನವರು ಇಲ್ಲಿನ ಹಾಲ್‌ಗಳಲ್ಲಿ ಕ್ಯಾಂಪ್ ಮಾಡುವುದಕ್ಕೂ ಇದೇ ಪ್ರಶ್ನೆ ಅನ್ವಯವಾಗಲಿ. ಲಕ್ವ, ಮಧುಮೇಹ, ಕುರುಡುತನ ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕುವುದು 1954ರ ಕಾಯಿದೆಯಿಂದಲೇ ಅಪರಾಧ. ಅದನ್ನು ಬಳಸಿ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ತಗೊಳ್ಳುವ ಡಾಕ್ಟರುಗಳ ವಿಷಯ ಬಂದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ಬರೆಯಿರಿ.

ಗರ್ಭಪಾತ ಮಾಡುವ ಆಸ್ಪತ್ರೆಗಳ ತಪಾಸಣೆಗೆ ಹೋದಾಗ ಹಳದಿ ಚೀಲದ ಲೆಕ್ಕವನ್ನೂ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಎಷ್ಟು ಒಳಗೆ ಆಯಿತು, ಎಷ್ಟು ಚೀಲ ಹೊರಗೆ ಹೋಯಿತು ಅಂತ ಹೊಂದಿಸಿ ನೋಡುವುದು ಕಷ್ಟವಲ್ಲ. ಆದರೆ ಹೆಂಗಸರ ಹೆಸರು ಎಲ್ಲಿಯೂ ಹೊರಗೆ ಬರಬಾರದು. ಗರ್ಭಪಾತದ ಕಾಯಿದೆಯಲ್ಲೇ ಆ ಗೋಪ್ಯತೆಗೆ ರಕ್ಷಣೆ ಇದೆ. ತಪಾಸಣೆಯ ಹೆಸರಲ್ಲಿ ಯಾವ ಹೆಂಗಸೂ ಆಸ್ಪತ್ರೆಗೆ ಬರಲು ಹೆದರುವ ಹಾಗೆ ಆದರೆ, ಅವಳು ಬಾಗಿಲು ಮುಚ್ಚಿದ ಕೋಣೆಗಳಿಗೆ ಹೋಗುತ್ತಾಳೆ. ಅದರ ಕೊನೆ ಏನಾಗುತ್ತದೆ ಅಂತಲೂ ನಾನು ನೋಡಿದ್ದೇನೆ.

ಎಥಿಕ್ಸ್ ಕಮಿಟಿಯವರೇ, ನಿಮ್ಮಲ್ಲಿ ಭ್ರೂಣದ ಅಂಗಾಂಶದ ಯಾವುದೇ ಸಂಶೋಧನೆ ಬಂದರೆ ಒಪ್ಪಿಗೆಯ ಫಾರ್ಮ್ ಕನ್ನಡದಲ್ಲಿ ಇದೆಯಾ ಅಂತ ಮೊದಲು ನೋಡಿ. ಗರ್ಭಪಾತದ ನಿರ್ಧಾರ ಆಗಿ, ಅದರ ಸಹಿ ಮುಗಿದ ಮೇಲೆ, ಡ್ರಿಪ್ ಹಾಕುವ ಮೊದಲು, ಟ್ರಾಲಿಯ ಮೇಲಲ್ಲ, ಕುರ್ಚಿಯಲ್ಲಿ ಕೂರಿಸಿ ಅವಳ ಭಾಷೆಯಲ್ಲಿ ಕೇಳಬೇಕು. ಬೇಡ ಅಂದರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ ಅಂತ ಹೇಳಬೇಕು. ಕೇಳುವವರು ಅವಳ ಡಾಕ್ಟರ್ ಆಗಿರಬಾರದು. ಅಂಥ ಫಾರ್ಮಿನ ಕರಡನ್ನು ನಾನು ಬರೆದಿಟ್ಟಿದ್ದೇನೆ, ಒಂದೇ ಪುಟ, ಸುಲಭ ಕನ್ನಡ. ತುಳುವಿನಲ್ಲೂ ಕೊಂಕಣಿಯಲ್ಲೂ ಅದನ್ನು ನಾನು ಓದಿ ವಿವರಿಸಬಲ್ಲೆ. ಬ್ಯಾರಿ ಭಾಷೆಗೆ ನನ್ನ ಜೊತೆ ದುಡಿದ ಒಬ್ಬರು ಬರುತ್ತೇನೆ ಅಂದಿದ್ದಾರೆ. ನಿಮ್ಮ ಮುಂದಿನ ಸಭೆಯ ದಿನ ತಿಳಿಸಿದರೆ ಇಬ್ಬರೂ ಬಂದು ಕೊಡುತ್ತೇವೆ.

ಇತಿ,
ಒಬ್ಬ ನಿವೃತ್ತ ನರ್ಸ್
ಮಂಗಳೂರು